ಮೊದಲು ವೈರು, ಆಮೇಲೆ ಮಿಕ್ಸ್ಚರ್

ನನ್ನದು ಮಂಗಳೂರಿನಿಂದ ತಂದ ಹಳೇ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಬೆಂಗಳೂರಿಗೆ ಬಂದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಆಫ್ ಆಗುತ್ತಿತ್ತು. ಹೊಗೆಯಲ್ಲಿ ಪೆಟ್ರೋಲ್ ವಾಸನೆ ಬೇರೆ. ಮಿಕ್ಸ್ಚರ್ ಸ್ಕ್ರೂ, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವ ಸ್ಕ್ರೂ, ತಿರುಗಿಸಿ ಅಂತ ಎಲ್ಲರೂ ಹೇಳಿದರು. ನಾನು ಮೊದಲು ವೈರಿಂಗ್ ನೋಡಿದೆ.

ಬಾನೆಟ್ ಕೆಳಗಿನ ವೈರುಗಳೆಲ್ಲ ಎಣ್ಣೆ ಜಿಡ್ಡು ಹಿಡಿದು ಒಂದೇ ಬಣ್ಣ ಆಗಿದ್ದವು. ಸುತ್ತಿದ ಟೇಪ್ ಬಿಚ್ಚಿದರೆ ಒಳಗೆ ಅಸಲಿ ಬಣ್ಣ ಕಾಣುತ್ತದೆ. ಆದರೆ ಬಣ್ಣವನ್ನಷ್ಟೇ ನಂಬಬೇಡಿ, ನಡುವೆ ಯಾರೋ ಬೇರೆ ವೈರಿನ ತುಂಡು ಸೇರಿಸಿರುತ್ತಾರೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮಲ್ಟಿಮೀಟರ್‌ನಿಂದ ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿದೆ. ಗೊತ್ತಾದ ಪ್ರತಿ ವೈರಿಗೂ ಒಂದು ಚೀಟಿ ಅಂಟಿಸಿದೆ. ಆಮೇಲೆ ಬ್ಯಾಟರಿ ಸೇರಿಸಿ, ಕೀ ಆಫ್ ಇದ್ದಾಗ ಮತ್ತು ಆನ್ ಇದ್ದಾಗ ಯಾವುದರಲ್ಲಿ ಕರೆಂಟ್ ಬರುತ್ತದೆ ಅಂತ ನೋಡಿದೆ.

ಕಾರ್ಬ್ಯುರೇಟರ್‌ಗೆ ಹೋಗುವ ಒಂದು ವೈರು ಅಲ್ಲಿನ ಸಣ್ಣ ಸೊಲೆನಾಯ್ಡ್‌ನದು, ಅಂದರೆ ಕರೆಂಟ್‌ನಿಂದ ತೆರೆಯುವ ವಾಲ್ವ್‌ನದು. ಕೀ ಆನ್ ಮಾಡಿದರೆ ಅದು ಟಕ್ ಅಂತ ಸದ್ದು ಮಾಡಿ ಐಡ್ಲಿಂಗ್‌ನ (ಗಾಡಿ ನಿಂತಾಗ ಎಂಜಿನ್ ಓಡುತ್ತಿರುವುದರ) ಪೆಟ್ರೋಲ್ ದಾರಿ ತೆರೆಯಬೇಕು. ಮೀಟರ್ 12 ವೋಲ್ಟ್ ತೋರಿಸುತ್ತಿತ್ತು, ಸದ್ದು ಮಾತ್ರ ಇಲ್ಲ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದೆ, ಮಿಣುಕಷ್ಟೇ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಒಂದೇ ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. ಬಲ್ಬ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಾಗಾಗಿ ಹಳೇ ಗಾಡಿಗೆ ಬಲ್ಬೇ ನಿಜ ಹೇಳುವುದು. ಟೇಪ್ ಒಳಗಿನ ಜಾಯಿಂಟ್ ಹಸಿರು ಕಿಲುಬು ಹಿಡಿದಿತ್ತು. ಕತ್ತರಿಸಿ ಹೊಸದಾಗಿ ಸೇರಿಸಿದೆ. ಟಕ್ ಅಂದಿತು!

ಇನ್ನು ಮಿಕ್ಸ್ಚರ್. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಕರಾವಳಿಯ ಸೆಟ್ಟಿಂಗ್ ಇಲ್ಲಿ ರಿಚ್ ಆಗುತ್ತದೆ, ಅಂದರೆ ಇರುವ ಗಾಳಿಗೆ ಬೇಕಾದ್ದಕ್ಕಿಂತ ಪೆಟ್ರೋಲ್ ಜಾಸ್ತಿ. ವಾಸನೆಗೆ ಅದೂ ಕಾರಣ.

ಸ್ಕ್ರೂ ಮುಟ್ಟುವ ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ತಟ್ಟೆ) ಪೂರ್ತಿ ತೆರೆದಿರಬೇಕು, ಏರ್ ಫಿಲ್ಟರ್ ಹಾಕಿರಬೇಕು. ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೆ ಏನು ಮಾಡಿದರೂ ಸುಮ್ನೆ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಎಂಜಿನ್ ಹೊಂದಿಕೊಳ್ಳುವವರೆಗೆ ಕಾಯಬೇಕು. ಎಲ್ಲಿ ಓಟ ಅತಿ ಜೋರಾಗಿ, ನುಣ್ಣಗಾಗುತ್ತದೋ ಆ ಜಾಗ ಹಿಡಿದು, ವೇಗ ಚೂರು ಇಳಿಯುವಷ್ಟು ಒಳಗೆ ತಿರುಗಿಸಿದೆ. ಬಿಗಿಯಾಗಿ ಒಳಕ್ಕೆ ಒತ್ತಿದರೆ ಅದರ ಚೂಪು ತುದಿ ಹಾಳು. ಕೊನೆಗೆ ಥ್ರಾಟಲ್ ಸ್ಕ್ರೂನಿಂದ ಐಡ್ಲಿಂಗ್ ಹೊಂದಿಸಿದೆ.

ಈ ಸ್ಕ್ರೂ ಮುಖ್ಯವಾಗಿ ಐಡ್ಲಿಂಗ್‌ಗೆ ಮಾತ್ರ, ಓಡುವಾಗಿನ ಲೆಕ್ಕ ಜೆಟ್‌ಗಳದು, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತುಗಳದು. ಅದಕ್ಕೇ ರಿಂಗ್ ರೋಡಲ್ಲಿ ಓಡಿಸಿ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಮೊದಲಿದ್ದ ಕಪ್ಪು ಮಸಿ ಹೋಗಿ ತಿಳಿ ಕಂದು ಬಂದಿತ್ತು, ಅಂದರೆ ಮಿಕ್ಸ್ಚರ್ ಸರಿಯಿದೆ. ಎಮಿಷನ್ ಟೆಸ್ಟ್‌ನಲ್ಲಿ ಪಾಸ್ ಆದರೂ ಸಿಒ (ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್) ಅಂಕಿ ಕೇಳಿ ಬರೆದಿಟ್ಟುಕೊಂಡೆ. ಮುಂದೆ ಸ್ಕ್ರೂ ಮುಟ್ಟಿದಾಗ ಹೋಲಿಸಲು ಅದು ಬೇಕು, ಅಲ್ವಾ?