ಪ್ರತಿವರ್ಷ ಅದೇ ತೋಟದ ಮನೆ, ಅದೇ ಗೆಳೆಯರು: ತಪ್ಪದೆ ಹೋಗಿಬರುವುದು ಹೇಗೆ?

ಹಾಸ್ಟೆಲಿನಲ್ಲಿ ಒಟ್ಟಿಗಿದ್ದ ನಾವು 8 ಮಂದಿ ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟದ ಹೋಂಸ್ಟೇಗೆ 14 ವರ್ಷಗಳಿಂದ ಹೋಗಿಬರುತ್ತಿದ್ದೇವೆ. ನಮ್ಮನ್ನು ನೋಡಿ ಇದೇ ಪರಿಪಾಠವನ್ನು ಆರಂಭಿಸಿದ ಮೂರು ತಂಡಗಳು ಎರಡನೆಯ ವರ್ಷಕ್ಕೇ ಕೈಬಿಟ್ಟವು. ಮೂರೂ ಎಡವಿದ್ದು ದಿನ ಗೊತ್ತುಮಾಡುವಲ್ಲಿ.

ಮೊದಲು ಮನೆಯನ್ನು ಆರಿಸಿ. ಮಾಲೀಕರ ಸಂಸಾರ ಅಲ್ಲೇ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಜಾಹೀರಾತಿನಲ್ಲಿ ಈಜುಕೊಳ ಮತ್ತು ಡಿಜೆ ಕಂಡರೆ ಮುಂದಿನ ಮನೆ ನೋಡಿ.

ಎರಡನೆಯದು ದಿನ. ಇದನ್ನು ಎಂದಿಗೂ ವಾಟ್ಸ್‌ಆ್ಯಪ್ ಮತದಾನಕ್ಕೆ ಬಿಡಬೇಡಿ. ಮೂರನೆಯ ವರ್ಷ ನಾವು ಹಾಗೆ ಮಾಡಿ, ಐದು ದಿನಾಂಕಗಳಿಗೆ ಎಂಟು ಮತಗಳು ಹಂಚಿಹೋಗಿ, ಚರ್ಚೆ ಮುಗಿಯುವಷ್ಟರಲ್ಲಿ ಕೋಣೆಗಳು ಬೇರೆಯವರ ಪಾಲಾಗಿದ್ದವು. ನಿಮ್ಮ ರಜೆಗಿಂತ ಮೊದಲು ತೋಟದ ಕೆಲಸದ ಲೆಕ್ಕ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುತ್ತದೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ. ಡಿಸೆಂಬರ್, ಜನವರಿಗಳಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಭರದಲ್ಲಿರುತ್ತದೆ, ಅದರ ಹಿಂದೆಯೇ ರೊಬಸ್ಟಾ ಕಾಫಿಯದು. ಬೆಳಗ್ಗೆ ಆಳುಗಳ ಲೆಕ್ಕ, ಸಂಜೆ ಹಣ್ಣಿನ ತೂಕ, ನಡುವೆ ಕಣದಲ್ಲಿ ಒಣಗುವ ಕಾಫಿಯ ಕಾವಲು ಎಂದು ಓಡಾಡುವ ಮಾಲೀಕರಿಗೆ ನಿಮ್ಮೊಡನೆ ಜಗಲಿಯಲ್ಲಿ ಕೂರಲು ಪುರುಸೊತ್ತಾಗುವುದಿಲ್ಲ. ಕಾಫಿ ಹೂವಿಗಾಗಿ ತಿಂಗಳ ಮೊದಲೇ ಕೋಣೆ ಹಿಡಿಯುವವರು ಮೋಸಹೋಗುವುದೇ ಹೆಚ್ಚು. ಮಾರ್ಚ್, ಏಪ್ರಿಲ್ ಹೊತ್ತಿನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಘಮ ಕಾರಿನ ಗಾಜು ಇಳಿಸುವ ಮೊದಲೇ ಒಳಗೆ ಬರುತ್ತದೆ ನಿಜ. ಆದರೆ ಮೂರು ನಾಲ್ಕು ದಿನಕ್ಕೆ ಹೂವು ಕಂದಿ, ರೆಂಬೆಯುದ್ದಕ್ಕೂ ನೆನೆದ ಚಹಾಪುಡಿಯಂತೆ ಅಂಟಿಕೊಂಡಿರುತ್ತದೆ. ಮಳೆ ಬೀಳುವ ದಿನವನ್ನು ಮಾಲೀಕರೂ ಹೇಳಲಾರರು.

ಆದ್ದರಿಂದ ನಮ್ಮದು ದಿನಾಂಕವಲ್ಲ, ನಿಯಮ: ದೀಪಾವಳಿ ಕಳೆದ ಎರಡನೆಯ ಶನಿವಾರ. ಆಗ ಮಳೆ ಹಿಂದೆ ಸರಿದಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಅರೇಬಿಕಾ ಹಣ್ಣು ಕೆಂಪಾಗುತ್ತಿರುತ್ತದೆ, ಹಬ್ಬದ ರಜೆಯ ಕಾರುಗಳು ಬೆಂಗಳೂರಿಗೆ ಮರಳಿರುತ್ತವೆ. ಭಾನುವಾರ ಬೆಳಗ್ಗೆ ಅಕ್ಕಿರೊಟ್ಟಿಯ ತಟ್ಟೆ ಎತ್ತುವ ಮೊದಲೇ ಮುಂದಿನ ವರ್ಷದ ದಿನವನ್ನು ನೋಡಿ, ಮುಂಗಡವನ್ನು ಮಾಲೀಕರ ಕೈಗೇ ಕೊಡಿ. ಗೋಡೆಯ ಪಂಚಾಂಗವನ್ನು ತಿರುವಿ ಪ್ರಯೋಜನವಿಲ್ಲ, ಅದು ಯುಗಾದಿಗೆ ಮುಗಿಯುತ್ತದೆ, ಫೋನಿನಲ್ಲಿ ಹುಡುಕಿ. ಬುಕಿಂಗ್ ಜಾಲತಾಣಗಳ ಸಹವಾಸ ನನಗೆ ಸಾಕಾಗಿದೆ: ಒಮ್ಮೆ ಒಂದು ತಾಣ ಮಾಲೀಕರಿಗೇ ತಿಳಿಯದಂತೆ ನಮ್ಮಿಂದ ಹಣ ಪಡೆದು, ಹಿಂತಿರುಗಿಸಲು ನಾಲ್ಕು ತಿಂಗಳು ಸತಾಯಿಸಿತು.

ಒಬ್ಬನಿಗೆ ಆ ದಿನ ಅನುಕೂಲವಿಲ್ಲವೆಂದು ದಿನವನ್ನು ಕದಲಿಸಬಾರದು. ಬಾರದವನು ಕೋಣೆಯ ಪಾಲನ್ನು ಕೊಡಲಿ, ಊಟದ ಪಾಲನ್ನು ಬಿಡಿ. ಕಠಿಣವೆನಿಸಿದರೂ ಈ ಒಂದು ಷರತ್ತು ಬಂದ ಮೇಲೆ ನಮ್ಮಲ್ಲಿ ಕೊನೆಯ ಗಳಿಗೆಯ ಜ್ವರಗಳು ಬಹಳ ಕಡಿಮೆಯಾಗಿವೆ.

ಪ್ರಯಾಣದ ಬಗ್ಗೆ ಹೇಳುವುದೇನಿಲ್ಲ. ಬೆಳಕು ಹರಿಯುವ ಮೊದಲು ನೆಲಮಂಗಲ ದಾಟಿ.

ಇಂಬಳಕ್ಕೆಂದು (ಜಿಗಣೆಗೆಂದು) ಮಾರುವ ದುಬಾರಿ ಸ್ಪ್ರೇ ಬೇಡ. ಉದ್ದನೆಯ ಕಾಲುಚೀಲದ ಮೇಲೆ ನಶ್ಯಪುಡಿ ಉದುರಿಸಿದರೆ ನಮಗೆ ಸಾಕಾಗಿದೆ. ಕಚ್ಚಿದ್ದರೆ ಎಳೆಯದೆ, ಉಗುರಿನ ಅಂಚನ್ನು ಅದರ ಬಾಯಿಯ ಕೆಳಗೆ ತೂರಿಸಿ ಬಿಡಿಸಿ.

ಊಟದ ವಿಚಾರವನ್ನು ಮೂರು ದಿನ ಮೊದಲೇ ತಿಳಿಸಿ. ಕಡುಬು, ಕೋಳಿ ಸಾರು ಕೇಳಬಹುದು. ಕಳಲೆ, ಅಂದರೆ ಎಳೆಬಿದಿರು, ಮಳೆಗಾಲದ ಪದಾರ್ಥ, ನವೆಂಬರಿನಲ್ಲಿ ಅದಕ್ಕಾಗಿ ಹಟ ಮಾಡಬೇಡಿ.

ಹೊರಡುವಾಗ ಕಾಫಿಪುಡಿಯನ್ನು ಮಾಲೀಕರಿಂದಲೇ ಕೊಳ್ಳಿ. ರಸ್ತೆಬದಿಯ ಅಂಗಡಿಯಲ್ಲಿ ಕೊಳ್ಳಲೇಬೇಕಾದರೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ: ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಇರಲು ಕಾನೂನೇ ಅವಕಾಶ ಕೊಟ್ಟಿದೆ. ನಮ್ಮಲ್ಲೊಬ್ಬ ‘ತೋಟದ ತಾಜಾ ಕಾಫಿ’ ಎಂಬ ದಪ್ಪ ಅಕ್ಷರಗಳನ್ನಷ್ಟೇ ಓದಿ ಎರಡು ಕಿಲೋ ಕೊಂಡಿದ್ದ. ಅದು ಈಗಲೂ ಅವನ ಮನೆಯ ಅಟ್ಟದ ಮೇಲಿದೆ.