ಕಾರ್ಯಕ್ರಮ ಮುಗಿದ ಮೇಲಿನ ಹೊತ್ತು

ಹಾಸ್ಯ ಕಲಾವಿದರು ಧೈರ್ಯಕ್ಕೆ ಒಂದು ಪೆಗ್ ಹಾಕಿಕೊಂಡೇ ವೇದಿಕೆ ಹತ್ತುತ್ತಾರೆ ಅನ್ನೋ ಮಾತಿದೆ. ನಾನು ಕಂಡ ಹಾಗೆ ನಮಗೆ ಗಂಡಾಂತರ ಇರೋದು ವೇದಿಕೆ ಇಳಿದ ಮೇಲೆ.

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಗಣಪತಿ ಕೂರಿಸಿದಾಗ, ರಾಜ್ಯೋತ್ಸವಕ್ಕೆ, ಊರಹಬ್ಬಕ್ಕೆ ಆರ್ಕೆಸ್ಟ್ರಾ ಜೊತೆ ಮಿಮಿಕ್ರಿ, ಹಾಸ್ಯ ಮಾಡಿಕೊಂಡು ಬಂದವನು ನಾನು. ರಾತ್ರಿ ಹನ್ನೊಂದೂವರೆಗೆ ಮೈಕ್ ಕೆಳಗಿಟ್ಟರೂ ಎದೆಬಡಿತ ಇಳಿಯುವುದಿಲ್ಲ. ಊರಿಗೆ ಊರೇ ನಕ್ಕ ಸದ್ದು ಕಿವಿಯಲ್ಲೇ ಇರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಸರಿಯಾಗಿ ಆಗಲೇ ಸಂಘದ ಹುಡುಗರು ಬರುತ್ತಾರೆ: "ಅಣ್ಣೋ, ಪಂಪ್‌ಸೆಟ್ ಮನೆ ತಾವ ಎಲ್ಲಾ ರೆಡಿ ಮಾಡಿವಿ, ಬಾಡೂಟಾನೂ ಅದೆ, ಬಾ." ಅದರಲ್ಲಿ ಕಪಟ ಇಲ್ಲ. ಬಂದ ಕಲಾವಿದನನ್ನು ಬರಿಗೈಲಿ ಕಳಿಸಬಾರದು ಅನ್ನೋ ಅಕ್ಕರೆ. ವರ್ಷಾನುಗಟ್ಟಲೆ ನಾನು ಕುಡಿದದ್ದು ಆ ಅಕ್ಕರೆಯ ಒಂದೆರಡು ಗಂಟೆಯಲ್ಲೇ. ಬರಬರುತ್ತಾ ಕಾರ್ಯಕ್ರಮ ಇಲ್ಲದ ದಿನವೂ ಅದೇ ಹೊತ್ತಿಗೆ ಮೈ ಕೇಳತೊಡಗಿತು. ಕೊನೆಗೆ ಬೆಳಿಗ್ಗೆ ಎದ್ದ ತಕ್ಷಣವೇ ಬೇಕಾಯಿತು.

ಬಿಡಬೇಕು ಅಂತ ಮೈಸೂರಿನ ಆಸ್ಪತ್ರೆಗೆ ಹೋದಾಗ ಮನೋವೈದ್ಯರು ಮೊದಲು ಹೇಳಿದ್ದು, ಮನೆಯಲ್ಲಿ ಕೂತು ಏಕಾಏಕಿ ನಿಲ್ಲಿಸಬೇಡ ಅಂತ. ದಿನಾ ಕುಡಿಯುವವರು ಇದನ್ನು ತಿಳಿದಿರಲೇಬೇಕು. ಕೊನೆಯ ಸಲ ಕುಡಿದ ಆರೆಂಟು ಗಂಟೆಗೇ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಒಂದೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಕೇಳುವುದು, ಎಲ್ಲಿದ್ದೀನಿ ಅನ್ನೋದೇ ತಿಳಿಯದಿರುವುದು ಕೂಡ ಉಂಟು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು. ನಮ್ಮ ಕಡೆ "ಬಿಟ್ಟಿದ್ದಕ್ಕೇ ಹೋಗ್ಬುಟ್ಟ" ಅಂತಾರಲ್ಲ, ಆ ಮಾತಿನ ಹಿಂದೆ ಇರೋದು ಬಹಳ ಸಲ ಇದೇ. ಆಸ್ಪತ್ರೆಯಲ್ಲಿ ನನಗೆ ಬಿ1 ವಿಟಮಿನ್, ಅಂದರೆ ಥಯಾಮಿನ್ ಇಂಜೆಕ್ಷನ್ ಕೊಟ್ಟರು. ನಡುಕಕ್ಕೆ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ ಕೊಟ್ಟು, ದಿನದಿನಕ್ಕೆ ಪ್ರಮಾಣ ಇಳಿಸುತ್ತಾ ಬಂದರು.

ಮಾತ್ರೆ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಾತ್ರೆ ಒಳಗಿದ್ದಾಗ ಕುಡಿದರೆ, ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಅನ್ನೋ ವಿಷ ಮೈಯಲ್ಲೇ ಉಳಿದು ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರಿಗಂತೂ ಬಹಳ ಅಪಾಯ. ತೆಗೆದುಕೊಳ್ಳುವವನು ಪೂರ್ತಿ ತಿಳಿದು, ಒಪ್ಪಿ, ಡಾಕ್ಟರ ಕಣ್ಗಾವಲಲ್ಲಿ ತೆಗೆದುಕೊಳ್ಳಬೇಕಾದ ಔಷಧಿ ಅದು. ನನಗೆ ಬರೆದುಕೊಟ್ಟದ್ದು ನಾಲ್ಟ್ರೆಕ್ಸೋನ್. ಅದು ಕುಡಿಯುವ ತುಡಿತವನ್ನು ತಗ್ಗಿಸುತ್ತದೆ.

ಇಷ್ಟಾದರೂ ವೇದಿಕೆ ಇಳಿದ ಮೇಲಿನ ಹೊತ್ತಿಗೆ ಮಾತ್ರೆಯೊಂದೇ ಸಾಲದು ಅನ್ನೋದು ಮೊದಲ ಕಾರ್ಯಕ್ರಮದಲ್ಲೇ ಗೊತ್ತಾಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತಿದ್ದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಇಬ್ಬರು ಕುಡಿತದ ರೋಗಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ ಕೂಟ ಅದು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಅಲ್ಲೊಬ್ಬ ಹಿರಿಯರು ನನ್ನ ಕಥೆ ಕೇಳಿ, "ಜೀವಮಾನದ ಲೆಕ್ಕ ಬಿಡಪ್ಪ. ಹನ್ನೊಂದೂವರೆಯಿಂದ ಒಂದೂವರೆವರೆಗೆ ಎಲ್ಲಿರ್ತೀಯ, ಯಾರ ಜೊತೆ ಇರ್ತೀಯ, ಅದನ್ನ ಮಾತ್ರ ಹೇಳು" ಅಂದರು. ನನ್ನ ದಾರಿ ತಿರುಗಿದ್ದು ಅಲ್ಲಿಂದ.

ಅಂದಿನಿಂದ ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಫೋನಲ್ಲೇ ಹೇಳಿಬಿಡುತ್ತೇನೆ: ಪೇಮೆಂಟ್ ಶುರುವಿಗೆ ಮುಂಚೆ ಕೊಡಿ, ಶಾಲು-ಹಾರ ನನ್ನ ಐಟಂ ಮುಗಿದ ಕೂಡಲೇ ಹಾಕಿ, ರಾತ್ರಿ ತಂಗುವುದಿಲ್ಲ. ದುಡ್ಡಿಗೆ ಕಾಯುತ್ತಾ ಕೂರುವುದೇ ಎಷ್ಟೋ ಸಲ ಗ್ಲಾಸಿನ ಮುಂದೆ ಕೂರಿಸುತ್ತಿತ್ತು. ಕುಡಿಯದ ಕೀಬೋರ್ಡ್ ಹುಡುಗನ ಕಾರಲ್ಲೇ ಹೋಗಿಬರುವುದು. ಖಾಲಿ ಹೊಟ್ಟೆಯಲ್ಲಿ ತುಡಿತ ಜಾಸ್ತಿ ಅಂತ ಮನೆಯಿಂದ ಮೊಸರನ್ನದ ಡಬ್ಬಿ ಒಯ್ದು, ಕಾರು ಊರು ದಾಟುವ ಮೊದಲೇ ತಿಂದು ಮುಗಿಸುತ್ತೇನೆ. ಆಮೇಲೆ ಆ ಹಿರಿಯರಿಗೆ ಫೋನು. ಮಧ್ಯರಾತ್ರಿಯಾದರೂ ಎತ್ತುತ್ತಾರೆ. ಯಾವ ಮಾತಿಗೆ ಜನ ನಕ್ಕರು, ಯಾವುದು ಬಿತ್ತು, ಎಲ್ಲ ಒಪ್ಪಿಸುತ್ತೇನೆ. ಶ್ರೀರಂಗಪಟ್ಟಣದ ಸೇತುವೆ ದಾಟಿ ಮೈಸೂರು ಮುಟ್ಟುವಷ್ಟರಲ್ಲಿ ಎದೆ ತಣ್ಣಗಾಗಿರುತ್ತದೆ. "ಒಂದೇ ಒಂದ್ ನೈಂಟಿ ಕಣಣ್ಣ, ಸುಮ್ಕಿರು" ಅನ್ನೋರಿಗೆ "ಮಾತ್ರೆ ತಗೊತಾ ಇವ್ನಿ ಕಣಪ್ಪ" ಅಂತಷ್ಟೇ ಹೇಳುತ್ತೇನೆ. ಅದು ಸುಳ್ಳಲ್ಲ, ವಾದಕ್ಕೂ ಎಡೆ ಕೊಡುವುದಿಲ್ಲ.

ಇನ್ನು ಕುಡುಕನ ಐಟಂ. ಹಳ್ಳಿಗಳಲ್ಲಿ ಅದಿಲ್ಲದೆ ಹಾಸ್ಯವೇ ಇಲ್ಲ ಎನ್ನುವಷ್ಟು ಬೇಡಿಕೆ. ಪ್ಯಾಕೆಟ್ ಸಾರಾಯಿ ಕಾಲದಲ್ಲಿ ಕಟ್ಟಿಕೊಂಡದ್ದು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಪ್ಯಾಕೆಟ್ ಹೋಗಿ ಟೆಟ್ರಾ ಬಂತು, ಐಟಂ ಮಾತ್ರ ಹಾಗೇ ಉಳಿಯಿತು. ಕುಡಿತ ಬಿಟ್ಟ ಮೇಲೂ ನಾನದನ್ನು ಮಾಡುತ್ತಿದ್ದೆ. ಪಾಂಡವಪುರದ ಕಡೆ ಒಂದು ಊರಲ್ಲಿ, ಹತ್ತು ವರ್ಷವೂ ತುಂಬಿರದ ಹುಡುಗನೊಬ್ಬ ವೇದಿಕೆ ಹಿಂದೆ ಬಂದು "ಅಣ್ಣ, ನಂಗೂ ಬತ್ತದೆ" ಅಂದ. ಮಾಡು ನೋಡೋಣ ಅಂದೆ. ಅವನು ನಮ್ಮ ಹಾಗೆ ತೂರಾಡಲಿಲ್ಲ. ಬಲಗೈಯನ್ನು ಇಲ್ಲದ ಗೋಡೆಗೆ ಆನಿಸಿ, ಮೈ ಬಿಗಿಹಿಡಿದು, ಒಂದೊಂದೇ ಹೆಜ್ಜೆ ಅಳೆದು ಇಟ್ಟ. ಬಾಗಿ ಎರಡು ಚಪ್ಪಲಿಯನ್ನೂ ಜೋಡಿಸಿಟ್ಟು, ಆಮೇಲೆ ಕೂತಲ್ಲೇ ಒರಗಿದ. ನಿಜವಾಗಿ ಕುಡಿದವನು ತೂರಾಡಲು ಹೋಗುವುದಿಲ್ಲ, ನೆಟ್ಟಗೆ ನಡೆಯಲು ಒದ್ದಾಡುತ್ತಾನೆ. ನಟನೆಯಲ್ಲಿ ಪಳಗಿದವರಿಗೂ ಸುಲಭಕ್ಕೆ ಸಿಗದ ಆ ಸೂಕ್ಷ್ಮ ಅವನಿಗೆ ದಿನಾ ಸಂಜೆ ಮನೆಯಲ್ಲೇ ಸಿಗುತ್ತಿತ್ತು. ಆಮೇಲೆ ಆ ಐಟಂ ನನ್ನ ಕೈಲಿ ಆಗಲಿಲ್ಲ.

ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಹೋದ ಹಾಸ್ಯಗಾರ ಕ್ರೇಗ್ ಫರ್ಗುಸನ್ 2007ರ ಫೆಬ್ರವರಿಯಲ್ಲಿ ತನ್ನ ಟಿವಿ ಕಾರ್ಯಕ್ರಮದಲ್ಲಿ ಬೇರೆ ರೀತಿ ಇದನ್ನೇ ಮಾಡಿದರು. ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಸಂಕಟದಲ್ಲಿದ್ದ ಸಮಯ, ಊರೆಲ್ಲ ಆಕೆಯನ್ನು ಆಡಿಕೊಳ್ಳುತ್ತಿತ್ತು. ಫರ್ಗುಸನ್ ಮಾತ್ರ ಆಕೆಯ ಮೇಲೆ ಜೋಕ್ ಮಾಡಲ್ಲ ಅಂತ ನೇರವಾಗಿ ಹೇಳಿ, ತಾನು ಕುಡಿತ ಬಿಟ್ಟು ಹದಿನೈದು ವರ್ಷವಾದ ಕಥೆ ಬಿಚ್ಚಿಟ್ಟರು. ಆ ವಿಡಿಯೋ ನೋಡಿದಾಗ ನನ್ನ ಕೆಲಸದವನೇ ಒಬ್ಬ ಅಷ್ಟು ದೂರದಲ್ಲಿದ್ದಾನೆ ಅನ್ನಿಸಿತು.

ಐಟಂ ಬಿಟ್ಟಾಗ ಒಂದಷ್ಟು ಊರು ಕೈತಪ್ಪಿದ್ದು ನಿಜ. ಅದರ ಜಾಗಕ್ಕೆ ಸೊಸೈಟಿ ಎಲೆಕ್ಷನ್ನು, ಕಬ್ಬು ಕಟಾವಿಗೆ ಪರ್ಮಿಟ್ ಕಾಯುವ ಪಾಡು, ಬೀಗರೂಟದಲ್ಲಿ ಮುನಿಸಿಕೊಳ್ಳುವ ಮಾವ ಇವೆಲ್ಲ ಬಂದವು. ಜಮಾಯಿಸೋಕೆ ಎರಡು ಸೀಸನ್ನೇ ಬೇಕಾಯಿತು, ಈಗ ಚೆನ್ನಾಗಿ ಓಡುತ್ತಿವೆ.

ಈ ಗಣಪತಿ ಸೀಸನ್‌ಗೆ ನಮ್ಮ ಕಾರಲ್ಲಿ ಒಂದು ಸೀಟು ಖಾಲಿ ಇದೆ. ಕಾರ್ಯಕ್ರಮ ಮುಗಿದ ಮೇಲೆ ಆ ಪಂಪ್‌ಸೆಟ್ ಮನೆಗೆ ಹೋಗದೆ ನೇರ ಮನೆ ಸೇರಬೇಕು ಅನ್ನೋ ಕಲಾವಿದರು ಮಂಡ್ಯ, ಮೈಸೂರು ಕಡೆ ಯಾರೇ ಇದ್ದರೂ ಜೊತೆಗೆ ಬರಬಹುದು. ಅಲ್ಲಿಯವರೆಗೆ ಕಾಯಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ, ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ ಫೋನ್ ಮಾಡಿ. ಎರಡಕ್ಕೂ ದುಡ್ಡಿಲ್ಲ.