ಧನ ದನವಾದಾಗ: ನನ್ನ ಫಾಂಟ್ ಕಾಗದಕ್ಕೆ ಇಳಿದ ಬಗೆ

ಒಂದು ಚಿಕ್ಕ ಕವನ ಪುಸ್ತಕಕ್ಕೆಂದೇ ನಾನು ಕನ್ನಡ ಫಾಂಟ್ ಮಾಡಿದೆ. ಮುಖಪುಟ, ಒಳಪುಟ, ಬುಕ್‌ಮಾರ್ಕ್ ಎಲ್ಲದರಲ್ಲೂ ಅದೇ ಅಕ್ಷರ ಇರಬೇಕು ಅನ್ನೋದು ನನ್ನ ಆಸೆಯಾಗಿತ್ತು.

ಚಪ್ಪಟೆ ತುದಿಯ ಪೆನ್ನಿನಿಂದ ಶುರು ಮಾಡಿದೆ. ರ, ವ, ಪ, ದ ಈ ನಾಲ್ಕನ್ನೇ ಹಲವು ದಿನ ತಿದ್ದಿದೆ. ರ ಒಳಗೆ ಚುಕ್ಕಿ ಇಟ್ಟರೆ ಠ. ಪ ಹೊಟ್ಟೆಯಲ್ಲಿ ಗೆರೆ ಎಳೆದರೆ ಷ. ದುಂಡು, ತಲೆಕಟ್ಟಿನ ಉದ್ದ, ಗೆರೆಯ ದಪ್ಪ ಇಲ್ಲಿ ಹದಕ್ಕೆ ಬಂದರೆ ಉಳಿದ ಅಕ್ಷರಗಳು ಅದೇ ದಾರಿ ಹಿಡಿಯುತ್ತವೆ. ಜ, ಣ, ಬ, ಲ ಅಕ್ಷರಗಳಿಗೆ ತಲೆಕಟ್ಟಿಲ್ಲ, ಅಲ್ವಾ? ಸಾಲಿನಲ್ಲಿ ಅವು ಕುಳ್ಳಗೆ ಕಾಣದಂತೆ ಎತ್ತರವನ್ನು ಕಣ್ಣಳತೆಯಲ್ಲೇ ಸರಿಪಡಿಸಿದೆ.

ಸ್ಕ್ಯಾನ್ ಮಾಡಿ, ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ಗೆರೆ ಎಳೆದುಕೊಂಡೆ. ನಿಜವಾದ ಕೆಲಸ ಒತ್ತಕ್ಷರದಲ್ಲಿತ್ತು. ಮೊದಲು ದೊಡ್ಡ ಅಕ್ಷರವನ್ನೇ ಸುಮ್ನೆ ಚಿಕ್ಕದು ಮಾಡಿ ಕೆಳಗಿಟ್ಟೆ. ಗೆರೆ ಸಣಕಲಾಗಿ, ಒತ್ತು ಬೇರೆ ಫಾಂಟ್‌ನಿಂದ ಬಂದಂತೆ ಕಂಡಿತು. 34 ವ್ಯಂಜನಗಳ ಒತ್ತನ್ನೂ ಹೊಸದಾಗಿ ಬರೆದೆ. 'ರಾಷ್ಟ್ರ', 'ಸ್ತ್ರೀ' ನನ್ನ ಪರೀಕ್ಷೆಯ ಪದಗಳು. ಎರಡು ಒತ್ತು ಕೆಳಗಿಳಿದರೆ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಸಾಲಿನ ನಡುವಿನ ಜಾಗ ಎಷ್ಟಿರಬೇಕು ಅನ್ನೋದನ್ನು ಈ ಪದಗಳನ್ನು ನೋಡಿಯೇ ತೀರ್ಮಾನಿಸಿದೆ.

ಪುಟ ಕಟ್ಟಿದ್ದು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ. ಅಲ್ಲಿ ಕನ್ನಡದಂತಹ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಆಯ್ಕೆಯನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತದೆ, ತಪ್ಪು ಫಾಂಟ್‌ನದು ಅಂದುಕೊಂಡು ಒದ್ದಾಡುತ್ತೀರಿ.

ಮೊದಲ ಪ್ರೂಫ್ ಬಂತು. 10 ಪಾಯಿಂಟ್ ಅಕ್ಷರ, ನುಣುಪಿಲ್ಲದ ಕಾಗದ. ಪರದೆಯ ಮೇಲೆ ಚೆನ್ನಾಗಿದ್ದ 'ಧನ' ಇಲ್ಲಿ 'ದನ' ಆಗಿತ್ತು! ಇಂತಹ ಕಾಗದ ಶಾಯಿ ಹೀರಿಕೊಳ್ಳುತ್ತದೆ, ಗೆರೆ ಸ್ವಲ್ಪ ಹರಡುತ್ತದೆ. ಧ ಅಕ್ಷರದ ಕೆಳಗಿರುವ ಮಹಾಪ್ರಾಣದ ಸೀಳು ಪೂರ್ತಿ ಮುಚ್ಚಿಹೋಗಿತ್ತು. ಢ, ಭ ಕೂಡ ಹಾಗೇ. ಪರದೆಯಲ್ಲಿ ನಾನು ಯಾವಾಗಲೂ ದೊಡ್ಡದು ಮಾಡಿ ನೋಡುತ್ತಿದ್ದೆ, ಅದೇ ನನ್ನ ತಪ್ಪು. ಓದುಗರ ಕೈಗೆ ಸಿಗುವುದು 10 ಪಾಯಿಂಟ್ ಅಕ್ಷರ ಮಾತ್ರ.

ಆಗ ನೆನಪಾಗಿದ್ದು ಬೆಲ್ ಸೆಂಟೆನಿಯಲ್. ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು ಮ್ಯಾಥ್ಯೂ ಕಾರ್ಟರ್ ಮಾಡಿದ, 1978ರಲ್ಲಿ ಬಂದ ಫಾಂಟ್ ಅದು. ಗೆರೆಗಳು ಸೇರುವ ಮೂಲೆಯಲ್ಲಿ ಅವರು ಕಚ್ಚು ತೆಗೆದಿದ್ದರು. ಹರಡುವ ಶಾಯಿ ಆ ಕಚ್ಚನ್ನು ತುಂಬಿಕೊಂಡು, ಅಕ್ಷರ ಸ್ವಚ್ಛವಾಗಿ ಮೂಡುತ್ತದೆ. ನಾನೂ ಧ, ಢ, ಭ ಸೀಳನ್ನು ಅಗಲ ಮಾಡಿ, ಒತ್ತು ಸೇರುವ ಮೂಲೆಗಳಲ್ಲಿ ಸಣ್ಣ ಕಚ್ಚು ಕೊಟ್ಟೆ. ಪರದೆಯಲ್ಲಿ ನೋಡಿದರೆ ಅಕ್ಷರ ಯಾರೋ ಕಡಿದಂತಿತ್ತು. ಅದನ್ನು ಹಾಗೇ ಬಿಡಲು ಧೈರ್ಯ ಬೇಕಾಯಿತು.

ಎರಡನೇ ಪ್ರೂಫ್ ಅದೇ ಕಾಗದದಲ್ಲೇ ತೆಗೆಸಿದೆ. 'ಧನ' ಸರಿಯಾಗಿ ಓದಲು ಬಂತು, ಕಚ್ಚುಗಳು ಕಾಣಲೇ ಇಲ್ಲ. ಆದರೆ ಮುಖಪುಟದ ದೊಡ್ಡ ಶೀರ್ಷಿಕೆಯಲ್ಲಿ ಅವೇ ಎದ್ದು ಕಂಡವು. ಅಲ್ಲಿಗೆ ಕಚ್ಚಿಲ್ಲದ, ಗೆರೆ ಇನ್ನೂ ತೆಳುವಾದ ಇನ್ನೊಂದು ಆವೃತ್ತಿ ಮಾಡಿದೆ. ಬುಕ್‌ಮಾರ್ಕ್‌ಗೆ ಒಳಪುಟದ್ದನ್ನೇ ಇಟ್ಟುಕೊಂಡೆ.